ದಸ್ತಗಿರಿಯಾದವನ ಹಕ್ಕುಗಳು
(ಕೋಟೇಶ್ವರದಲ್ಲಿ ಮಾಡಿದ ಭಾಷಣ)



ಕೋಟಿಲಿಂಗೇಶ್ವರನ ಸನ್ನಿಧಿಯ ಈ ಊರಿನಲ್ಲಿ ದಸ್ತಗಿರಿಯ ಮಾತನ್ನೆತ್ತುವುದು ಅಪಶಕುನವೆಂದು ನಿಮ್ಮಲ್ಲಿ ಕೆಲವರಿಗಾದರೂ ತೋರಿದ್ದೀತು. ಠಾಣೆಯ ಮೆಟ್ಟಿಲು ಹತ್ತುವುದು ಮಾನವಂತರ ಕೆಲಸವಲ್ಲವೆಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಆದರೆ ಕೊಡಿಹಬ್ಬದ ಜನಸಂದಣಿಯಲ್ಲಿ ಹುಟ್ಟಿದ ಒಂದು ಜಗಳ, ಗದ್ದೆಯಂಚಿನ ಒಂದು ತಕರಾರು, ಕೋಳಿಯಂಕದ ಬಯಲಿನಲ್ಲಿ ಸುಮ್ಮನೆ ನೋಡುತ್ತ ನಿಂತ ಒಂದು ಗಳಿಗೆ, ಇಷ್ಟೇ ಸಾಕು. ಮಾನವಂತರ ಮಗನೂ ಸಂಜೆಯ ಹೊತ್ತಿಗೆ ಠಾಣೆಯಲ್ಲಿರುವನು. ಆಗ ಮನೆಯವರ ಬಾಯಿಂದ ಹೊರಡುವ ಮಾತು ಒಂದೇ: “ಪೋಲೀಸ್ರ್ ಕರ್ಕಂಡ್ ಹೋದ್ರ್.” ಏಕೆ ಕರೆದೊಯ್ದರು, ಎಲ್ಲಿಗೆ, ಯಾವ ಕಾಗದವನ್ನು ಕೊಟ್ಟರು ಎಂದು ಕೇಳಿದರೆ ಉತ್ತರವಿಲ್ಲ. ನನ್ನ ವಕೀಲಿಯಲ್ಲಿ ಈ ಮೌನವು ಮಾಡಿದಷ್ಟು ಕೇಡನ್ನು ಸುಳ್ಳು ಸಾಕ್ಷಿಯೂ ಮಾಡಿದ್ದನ್ನು ನಾನು ಕಂಡಿಲ್ಲ.

ಹಿಡಿದವನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ನಿಯಮವು ಆಂಗ್ಲರು 1898ರಲ್ಲಿ ಮಾಡಿದ ದಂಡಪ್ರಕ್ರಿಯೆಯ ಕಾಯಿದೆಯಲ್ಲಿಯೂ ಇದ್ದಿತು. ಆದರೆ ಕಾಯಿದೆ ಮಾಡಿದವರೇ ಅದನ್ನು ಬದಿಗೊತ್ತಲೂ ಬಲ್ಲವರಾಗಿದ್ದರು. 1919ರ ರೌಲಟ್ ಶಾಸನವನ್ನು ಯಾರು ಮರೆತಾರು? ಆದುದರಿಂದಲೇ ನಮ್ಮ ಸಂವಿಧಾನಕರ್ತರು ಈ ಹಕ್ಕನ್ನು ಬರಿಯ ಕಾಯಿದೆಯಲ್ಲಿ ಬಿಡದೆ ಸಂವಿಧಾನದಲ್ಲಿಯೇ ನೆಟ್ಟರು. ಇಲ್ಲಿ ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಸಂಗತಿಯುಂಟು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ದಕ್ಷಿಣ ಕನ್ನಡದ ಮನೆತನದವರು. ಅವರು ಅಮೆರಿಕೆಯ ನ್ಯಾಯಾಧೀಶ ಫ್ರಾಂಕ್‌ಫರ್ಟರರೊಡನೆ ಸಮಾಲೋಚಿಸಿ ಬಂದ ಮೇಲೆ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ವಿಧಿಯ ಮಾತು ಸಡಿಲವಾಯಿತು. ಶಾಸನವು ಯಾವ ವಿಧಾನವನ್ನು ಹೇಳುವುದೋ ಅದೇ ಸಾಕೆಂದಾಯಿತು. ರಾಯರ ವಿದ್ವತ್ತಿಗೆ ತಲೆಬಾಗುತ್ತ, ಇಲ್ಲಿ ಅವರು ತಪ್ಪಿದರೆಂದೇ ನಾನು ತಿಳಿದಿರುವೆನು. ಆ ಕೊರತೆಯನ್ನು ಕೆಲಮಟ್ಟಿಗೆ ತುಂಬಲೆಂದೇ ಡಾ. ಅಂಬೇಡ್ಕರರು 1949ರ ಸೆಪ್ಟೆಂಬರ 15ರಂದು ಹೊಸದೊಂದು ವಿಧಿಯನ್ನು ಸಭೆಯ ಮುಂದಿಟ್ಟರು. ಅದೇ ಇಂದಿನ 22ನೆಯ ವಿಧಿ. ಹಿಡಿದ ಕಾರಣವನ್ನು ತಿಳಿಸಬೇಕು, ವಕೀಲನನ್ನು ಕಾಣಗೊಡಬೇಕು, 24 ಗಂಟೆಗಳೊಳಗೆ ನ್ಯಾಯಾಧಿಕಾರಿಯ ಮುಂದೆ ಹಾಜರುಪಡಿಸಬೇಕು ಎಂಬ ಮೂರೂ ಅದರಲ್ಲಿವೆ. ಮುಂಜಾಗ್ರತೆಯ ಸ್ಥಾನಬದ್ಧತೆಯ ಕಾಯಿದೆಗಳಿಗೆ ಮಾತ್ರ ಅದೇ ವಿಧಿ ಬೇರೆ ದಾರಿಯನ್ನು ಬಿಟ್ಟಿದೆ; ಅದು ಇಂದಿನ ವಿಷಯವಲ್ಲ.

ಕಾರಣವನ್ನು ತಿಳಿಸುವುದೆಂದರೇನು? ನಮ್ಮ ತಾಲೂಕಿನ ತರುಣನೊಬ್ಬನು ಪರಪ್ರಾಂತದ ನಗರವೊಂದರಲ್ಲಿ ಹೋಟೆಲಿನ ಗಲ್ಲಾದಲ್ಲಿ ಕುಳಿತು ದುಡಿಯುತ್ತಿದ್ದನು. ಲೆಕ್ಕದ ವಿವಾದವೊಂದರಲ್ಲಿ ಅವನ ದಸ್ತಗಿರಿಯಾಯಿತು. ಕೊಟ್ಟ ಕಾಗದಕ್ಕೆ ರುಜು ಹಾಕಿದನು. ಕೆಲವು ದಿನಗಳ ತರುವಾಯ ಅವನ ಸೋದರಮಾವನು ಅದರ ನಕಲನ್ನು ನನ್ನಲ್ಲಿಗೆ ತಂದನು. ಆ ಭಾಷೆ ನನಗೂ ಬಾರದು, ಬಲ್ಲವರಿಂದ ಓದಿಸಿದೆನು. “ದಸ್ತಗಿರಿಯ ಕಾರಣಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಿರುತ್ತಾರೆ” ಎಂದು ಅದರಲ್ಲಿ ಬರೆದಿದ್ದಿತು! ತನಗೆ ತಿಳಿಯದ ಭಾಷೆಯಲ್ಲಿ, ತನಗೆ ತಿಳಿಯಿತೆಂದು ಆ ಹುಡುಗನು ರುಜು ಮಾಡಿದ್ದನು.

ಇಂತಹ ಅನ್ಯಾಯಕ್ಕೆ ಈಗ ಸ್ಪಷ್ಟವಾದ ಔಷಧವು ದೊರೆತಿದೆ. ಮುಂಬಯಿಯ ವಾಹನಾಪಘಾತದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ 6ರಂದು ತೀರ್ಪನ್ನಿತ್ತು, ಅಪರಾಧವು ಯಾವುದೇ ಇರಲಿ, ದಸ್ತಗಿರಿಯ ಕಾರಣಗಳನ್ನು ಹಿಡಿಯಲ್ಪಟ್ಟವನಿಗೆ ತಿಳಿಯುವ ಭಾಷೆಯಲ್ಲಿ, ಬರವಣಿಗೆಯಲ್ಲಿ ಕೊಡತಕ್ಕದ್ದೆಂದು ವಿಧಿಸಿತು. ಕಣ್ಣೆದುರಿಗೇ ನಡೆದ ಕೃತ್ಯದಂತಹ ಪ್ರಸಂಗದಲ್ಲಿ ಕೂಡಲೆ ಬರೆದು ಕೊಡಲಾಗದಿದ್ದರೆ ಆಗ ಬಾಯಿಮಾತಿನಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ತರುವುದಕ್ಕೆ ಎರಡು ಗಂಟೆ ಮೊದಲಾದರೂ ಬರೆದು ಕೊಡಬೇಕು. ಕೊಡದಿದ್ದಲ್ಲಿ ದಸ್ತಗಿರಿಯೂ ಅದರ ಮೇಲಣ ರಿಮಾಂಡೂ ಅಸಿಂಧುವಾಗುವುವು. ಅಚ್ಚಿನ ನಮೂನೆಯಲ್ಲಿ “ತನಿಖೆಯ ಅಗತ್ಯಕ್ಕಾಗಿ” ಎಂದು ತುಂಬಿದರೆ ಸಾಲದು. ಅದು ಊರಿಗೆಲ್ಲ ಅನ್ವಯಿಸುವ ಮಾತು. ಈ ಮನುಷ್ಯನು ಏನು ಮಾಡಿದನೆಂದು ಹಿಡಿದಿರಿ ಎಂಬುದು ಬೇಕು.

ಈ ತೀರ್ಪಿನ ಬೆಲೆಯನ್ನು ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿ ಮಕ್ಕಳನ್ನಿಟ್ಟಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ 1ರಂದು ನಮ್ಮ ತಾಲೂಕು ಕನ್ನಡನಾಡನ್ನು ಸೇರಿತು, ಕಾಸರಗೋಡು ಸೇರಲಿಲ್ಲ. ಮಲೆಯಾಳವನ್ನು ಓದಲರಿಯದ ಕುಂಬಳೆಯ ಕನ್ನಡಿಗನು “ನನಗೆ ಕನ್ನಡದಲ್ಲಿ ಬರೆದುಕೊಡಿ” ಎಂದು ಕೇಳಿದರೆ ಅದು ಯಾಚನೆಯಲ್ಲ, ಹಕ್ಕು. ಹಾಗೆಯೇ ಗಂಗೊಳ್ಳಿಯ ದೋಣಿಗಳಲ್ಲಿ ದುಡಿಯಲು ಬಂದ ಒಡಿಯಾದವನಿಗೂ ನಮ್ಮ ಠಾಣೆಯಲ್ಲಿ ಅದೇ ಹಕ್ಕಿದೆ. ನಮಗೆ ಬೇಕಾದುದನ್ನು ಅವನಿಗೆ ಬೇಡವೆನ್ನುವುದು ಕನ್ನಡಾಭಿಮಾನವಲ್ಲ.

ಇನ್ನು ನಡೆಯುವ ಕ್ರಮವನ್ನು ಹೇಳುವೆನು. 2024ರ ಜುಲೈ 1ರಿಂದ ಹಳೆಯ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಏಳು ವರ್ಷಗಳವರೆಗಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ದಸ್ತಗಿರಿ ಅಗತ್ಯವಿಲ್ಲವೆಂದು ಕಂಡರೆ ಪೋಲೀಸರು 35ನೆಯ ಕಲಮಿನಂತೆ ಹಾಜರಾಗಲು ನೋಟೀಸು ಕೊಡಬೇಕು. ಅದನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ನಡೆಯದೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಹೇಳಿದೆ. ನೋಟೀಸು ಬಂದವನು ತಪ್ಪದೆ ಹೋಗಬೇಕು. ಹೆದರಿ ಘಟ್ಟ ಹತ್ತಿದವನು ತನ್ನ ದಸ್ತಗಿರಿಗೆ ತಾನೇ ಕಾರಣವನ್ನು ಒದಗಿಸುವನು.

ಹಿಡಿದಾಗ ಬಂಧನ ಪತ್ರವೊಂದನ್ನು ಬರೆಯಬೇಕು. ಮನೆಯವರಾಗಲಿ ಊರಿನ ಗೃಹಸ್ಥರಾಗಲಿ ಒಬ್ಬರ ಸಾಕ್ಷಿ ಅದಕ್ಕೆ ಬೇಕು. ಹಿಡಿಯಲ್ಪಟ್ಟವನೂ ರುಜು ಮಾಡಬೇಕು. ದಿನವನ್ನೂ ಗಂಟೆಯನ್ನೂ ನೋಡಿಯೇ ಮಾಡಿರಿ, ಏಕೆಂದರೆ 24 ಗಂಟೆಗಳ ಎಣಿಕೆ ಅದರ ಮೇಲೆಯೇ ನಿಂತಿದೆ. ಆದರೆ ತನಿಖೆಯಲ್ಲಿ ಪೋಲೀಸರಿಗೆ ಕೊಟ್ಟ ಹೇಳಿಕೆಗೆ ರುಜು ಮಾಡಬೇಕಾಗಿಲ್ಲ. ಬರಿದಾದ ಕಾಗದಕ್ಕಂತೂ ಎಂದಿಗೂ ಮಾಡಬಾರದು. ಹೆಸರು, ವಿಳಾಸಗಳನ್ನು ನಿಜವಾಗಿ ಹೇಳಿರಿ. ಅದಕ್ಕಿಂತ ಹೆಚ್ಚಾಗಿ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಒತ್ತಾಯಿಸಲಾಗದು. ಪೋಲೀಸರೆದುರು ತಪ್ಪೊಪ್ಪಿದ ಮಾತು ಪುರಾವೆಯಾಗದು; ಆ ಮಾತಿನಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಆದೀತು. ವಿಚಾರಣೆ ನಡೆಯುವಾಗ ವಕೀಲನನ್ನು ಕಾಣಬಹುದು, ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳಲಾಗದು. ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದ ಅಸಾಧಾರಣ ಪ್ರಸಂಗಗಳ ಹೊರತು, ಹಿಡಿಯಕೂಡದು.

ಎಲ್ಲಕ್ಕಿಂತ ಮುಖ್ಯವಾದ ಗಳಿಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಗಳಿಗೆ. “ಏನಾದರೂ ಹೇಳಲಿಕ್ಕಿದೆಯೇ? ಯಾರಾದರೂ ಹೊಡೆದರೇ?” ಎಂದು ಅವರು ಕೇಳುವಾಗ, ಬೆನ್ನ ಹಿಂದೆ ನಿಂತ ಖಾಕಿಯನ್ನು ನೆನೆದು ನಮ್ಮ ಹುಡುಗರು “ಇಲ್ಲ ಸ್ವಾಮಿ” ಎಂದುಬಿಡುವರು. ಆ ಇಲ್ಲವು ಕಡತವನ್ನು ಸೇರಿತೆಂದರೆ ಮುಂದೆ ಎಂಥ ವಕೀಲನಿಗೂ ಅದನ್ನು ಅಳಿಸುವುದು ಕಷ್ಟ. ಪೆಟ್ಟು ಬಿದ್ದಿದ್ದರೆ ಅಲ್ಲಿ ಹೇಳಿರಿ, ವೈದ್ಯರಿಗೂ ತೋರಿಸಿರಿ. ನಮ್ಮ ನೆರೆಯ ಬ್ರಹ್ಮಾವರದ ಠಾಣೆಯಲ್ಲಿಯೇ 2024ರ ನವೆಂಬರದಲ್ಲಿ, ಕೆಲಸಕ್ಕೆಂದು ಬಂದಿದ್ದ ಕೇರಳದವನೊಬ್ಬನು ಬಂಧನದಲ್ಲಿದ್ದಾಗ ಮೃತನಾದನು. ಇಂತಹ ಮರಣಗಳ ವಿಚಾರಣೆಯನ್ನು ಪೋಲೀಸರಲ್ಲ, ಮ್ಯಾಜಿಸ್ಟ್ರೇಟರೇ ನಡೆಸಬೇಕೆಂದು ಕಾಯಿದೆ ಹೇಳುವುದು. ಆದರೆ ವಿಚಾರಣೆಯು ಸತ್ತವನಿಗಲ್ಲ; ಬದುಕಿರುವವನು ಬಾಯಿ ತೆರೆಯಬೇಕು.

ಜಾಮೀನಿನ ವಿಷಯವನ್ನು ಚುಟುಕಾಗಿ ಮುಗಿಸುವೆನು. ಜಾಮೀನು ಸಿಗತಕ್ಕ ಅಪರಾಧವಾದರೆ ಠಾಣೆಯಲ್ಲಿಯೇ ಮುಚ್ಚಳಿಕೆ ಬರೆಯಿಸಿಕೊಂಡು ಬಿಡಬೇಕು. ಹೊಣೆ ನಿಲ್ಲುವವರು ಒಂದು ವಾರದೊಳಗೆ ದೊರಕದ ಬಡವನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಉಳಿದವುಗಳಲ್ಲಿ ನ್ಯಾಯಾಲಯದ ವಿವೇಚನೆ. ತನಿಖೆಯು 60 ದಿನಗಳಲ್ಲಿ, ಮರಣ, ಆಜೀವ ಅಥವಾ ಹತ್ತು ವರ್ಷಗಳಿಗೆ ಕಡಿಮೆಯಲ್ಲದ ಶಿಕ್ಷೆಯ ಅಪರಾಧಗಳಲ್ಲಿ 90 ದಿನಗಳಲ್ಲಿ, ಮುಗಿದು ದೋಷಾರೋಪ ಪತ್ರ ಬಾರದಿದ್ದರೆ ಜಾಮೀನು ಹಕ್ಕಾಗಿಯೇ ದೊರೆಯುವುದು; ಆದರೆ ಅರ್ಜಿ ಹಾಕಬೇಕು, ಅದೂ ಆರೋಪಪತ್ರವು ಬರುವ ಮೊದಲು. ಹಿರಿಯಡ್ಕದ ಕಾರಾಗೃಹದಲ್ಲಿ ಮಗನಿರುವ ತಾಯಿ ಪಂಚಾಂಗದಲ್ಲಿ ಆ ದಿನವನ್ನು ಗುರುತು ಹಾಕಿಡಲಿ.

ವಕೀಲನಿಗೆ ಕೊಡಲು ಹಣವಿಲ್ಲವೆಂದು ಸಭೆಯ ಹಿಂದುಗಡೆ ಕುಳಿತ ಅಕ್ಕನೊಬ್ಬರು ಈಗ ತಾನೆ ಮೆಲ್ಲಗೆ ಹೇಳಿದರು. ಅಕ್ಕಾ, 1987ರ ಕಾನೂನು ಸೇವೆಗಳ ಕಾಯಿದೆಯಂತೆ ಬಂಧನದಲ್ಲಿರುವವನಿಗೆ, ಅವನ ಆದಾಯವೆಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲನು ದೊರೆಯುವನು, ಹೆಂಗಸರಿಗೂ ಹಾಗೆಯೇ. ಕುಂದಾಪುರದ ನ್ಯಾಯಾಲಯಕ್ಕೆ ಹೋಗಿ ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಿರಿ. ಹೊತ್ತಲ್ಲದ ಹೊತ್ತಾದರೆ 15100ಕ್ಕೆ ಫೋನು ಮಾಡಿರಿ. ಆ ಅಂಕಿಯನ್ನು ಮನೆಯ ಗೋಡೆಯ ಮೇಲೆ ಮಸಿಯಲ್ಲಿ ಬರೆದಿಡಿರಿ. ಗಾಬರಿಯ ರಾತ್ರಿಯಲ್ಲಿ ಅದು ನೆನಪಿಗೆ ಬಾರದು.