ಆಚೆ ದಡದ ಹಾಜರಿ: ಅಂತರ್ಜಾಲ ತರಗತಿ ಮತ್ತು ಮಕ್ಕಳ ಮನಸ್ಸು

(ಶಾಲಾ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ನೂರು ವರ್ಷ ತುಂಬುವುದು ಸಾಮಾನ್ಯ ಸಂಗತಿಯಲ್ಲ. ಈ ಸಂಭ್ರಮದಲ್ಲಿ ಮಾತನಾಡಲು ವಯನಾಡಿನ ಗಡಿಯಂಚಿನ ಪೆರಿಕಲ್ಲೂರಿನಿಂದ ನಮ್ಮನ್ನು ಕರೆಸಿಕೊಂಡಿದ್ದೀರಿ, ಅದಕ್ಕಾಗಿ ಕೃತಜ್ಞರಾಗಿದ್ದೇವೆ. ದೂರದೂರುಗಳಲ್ಲಿರುವ ಕನ್ನಡ ಮಕ್ಕಳಿಗಾಗಿ ಅಂತರ್ಜಾಲದಲ್ಲಿ ಕನ್ನಡ ತರಗತಿಯೊಂದನ್ನು ಶತಮಾನೋತ್ಸವದ ನೆನಪಿಗೆ ಆರಂಭಿಸಬೇಕೆಂಬ ಆಲೋಚನೆ ಇಲ್ಲಿ ನಡೆದಿದೆಯೆಂದು ತಿಳಿದು ಸಂತೋಷವಾಯಿತು. ಅಂಥದೊಂದು ಪುಟ್ಟ ತರಗತಿಯನ್ನು ನಡೆಸಿ, ಅದರಲ್ಲಿ ಎಡವಿ, ಎಡವಿದ್ದರಿಂದ ಒಂದಿಷ್ಟು ಕಲಿತವರು ನಾವು. ಆ ಅನುಭವವನ್ನೇ ತಮ್ಮ ಮುಂದಿಡುತ್ತೇವೆ.

ಪೆರಿಕಲ್ಲೂರು ಕಬಿನಿಯ ದಡದ ಊರು. ವಯನಾಡಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಈ ಹೊಳೆ ನಮ್ಮಲ್ಲಿ ಎರಡು ರಾಜ್ಯಗಳ ಗಡಿಯಾಗಿದೆ. ಈಚೆ ದಡ ಕೇರಳ. ಆಚೆ ದಡ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಸೇತುವೆ ಬೇಕೆಂಬ ಕೂಗು ದಶಕಗಳಷ್ಟು ಹಳೆಯದು. ಜನರನ್ನು ದಾಟಿಸುತ್ತ ಬಂದದ್ದು ಮಾತ್ರ ದೋಣಿ. ಸಂತೆ, ಆಸ್ಪತ್ರೆ, ಶಾಲೆ, ನೆಂಟಸ್ತಿಕೆ ಎಲ್ಲವೂ ಆ ದೋಣಿಯನ್ನೇ ನೆಚ್ಚಿದ್ದವು.

ನಮ್ಮ ಮನೆಯ ಜಗಲಿಯಲ್ಲಿ ಭಾನುವಾರಗಳಂದು ಕನ್ನಡ ಪಾಠ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡವನ್ನೋ ಕನ್ನಡಕ್ಕೆ ಹತ್ತಿರದ ನುಡಿಯನ್ನೋ ಆಡುತ್ತ, ಶಾಲೆಯಲ್ಲಿ ಮಲಯಾಳದಲ್ಲಿ ಓದುವ ಹದಿನಾಲ್ಕು ಮಕ್ಕಳು ಬರುತ್ತಿದ್ದರು. ಅವರಲ್ಲಿ ಐವರು ಹೊಳೆ ದಾಟಿ ಬರುವವರು. 2020ರ ಮಾರ್ಚ್ ತಿಂಗಳಲ್ಲಿ ಗಡಿ ಮುಚ್ಚಿತು, ದೋಣಿ ನಿಂತಿತು, ಜಗಲಿ ಬರಿದಾಯಿತು.

ಆ ವರ್ಷದ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ಎಂಬ ಹೆಸರಿನಲ್ಲಿ ವಿಕ್ಟರ್ಸ್ ವಾಹಿನಿಯ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿಯೂ ಪಾಠಗಳನ್ನು ಸಿದ್ಧಪಡಿಸಿ ಯೂಟ್ಯೂಬಿನ ಮೂಲಕ ತಲುಪಿಸಲಾಯಿತು. ಕರ್ನಾಟಕದಲ್ಲಿ ಜುಲೈ ತಿಂಗಳಿನಿಂದ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಬಂದವು. ಅಷ್ಟು ಕಡಿಮೆ ಕಾಲದಲ್ಲಿ ಅಷ್ಟು ದೊಡ್ಡ ಕೆಲಸವನ್ನು ಮಾಡಿದ ಅಧ್ಯಾಪಕರ ಶ್ರಮವನ್ನು ನಾವು ಗೌರವಿಸುತ್ತೇವೆ. ನಾವೂ ಅವರ ಹಾದಿಯಲ್ಲೇ ನಡೆದು, ಭಾನುವಾರದ ಪಾಠವನ್ನು ಮೊಬೈಲಿಗೆ ಸಾಗಿಸಿದೆವು. ವಾಟ್ಸಾಪಿನಲ್ಲಿ ಗುಂಪೊಂದನ್ನು ಕಟ್ಟಿ, ಪಾಠವನ್ನು ಧ್ವನಿಮುದ್ರಿಸಿ ಕಳುಹಿಸಿದೆವು. ಪ್ರತಿ ಸಂದೇಶದ ಕೆಳಗೆ ನೀಲಿ ಗೆರೆ ಮೂಡುತ್ತಿತ್ತು. ಹದಿನಾಲ್ವರೂ ನೋಡಿದ್ದಾರೆ, ಹದಿನಾಲ್ವರೂ ಹಾಜರಿದ್ದಾರೆ ಎಂದು ನಾವು ನಂಬಿದೆವು.

ದೋಣಿ ಮತ್ತೆ ಓಡಾಡಲು ತೊಡಗಿದ ಮೇಲೆ, ಆಚೆ ದಡದ ಹುಡುಗನೊಬ್ಬ ಕಡವಿನಲ್ಲಿ ಸಿಕ್ಕಿದ. ಹನ್ನೊಂದು ವರ್ಷದ, ಜಗಲಿಯ ಪಾಠದಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ ಹುಡುಗ. ಪಾಠ ಎಲ್ಲಿಯವರೆಗೆ ಬಂತೆಂದು ಕೇಳಿದೆವು. ಅವನು ತಲೆ ತಗ್ಗಿಸಿ ನಿಂತು, ತುಸು ಹೊತ್ತಿನ ಬಳಿಕ, “ಮೇಷ್ಟ್ರೇ, ಆರು ವಾರ ಕೇಳ್ದೆ. ನೀವು ಒಂದ್ ಸಲಾನೂ ನನ್ ಹೆಸ್ರು ಕರೀಲಿಲ್ಲ. ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅನ್ಕೊಂಡು ಬಿಟ್ಬಿಟ್ಟೆ” ಎಂದ. ಆಮೇಲಿನ ನೀಲಿ ಗೆರೆಗಳು ಫೋನನ್ನು ತೆರೆದು ನೋಡುತ್ತಿದ್ದ ಅವನ ಅಣ್ಣನವು.

ಸಭಿಕರೇ, ಅವನ ಮನೆಯಲ್ಲಿ ಫೋನಿತ್ತು, ಸಂಕೇತವೂ ಹೇಗೋ ಸಿಗುತ್ತಿತ್ತು, ಪಾಠವೂ ತಲುಪುತ್ತಿತ್ತು. ತಾನು ಬಾರದಿದ್ದರೆ ಯಾರಿಗಾದರೂ ತಿಳಿಯುತ್ತದೆ ಎಂಬ ನಂಬಿಕೆಯೊಂದು ತಲುಪಲಿಲ್ಲ. ಜಗಲಿಯಲ್ಲಿ ಆ ನಂಬಿಕೆ ತಾನಾಗಿ ಹುಟ್ಟುತ್ತಿತ್ತು. ಮಗು ಬಂದೊಡನೆ ನಾವು ಮುಖ ನೋಡುತ್ತಿದ್ದೆವು, ಬಟ್ಟೆ ನೆನೆದಿದ್ದರೆ ಒಲೆಯ ಬಳಿ ಕೂರಿಸುತ್ತಿದ್ದೆವು. ಅದು ಪಾಠದ ಭಾಗವೆಂದು ನಮಗೆ ಹೊಳೆದಿರಲೇ ಇಲ್ಲ. ಹೊಳೆಯದ್ದರಿಂದಲೇ, ಪಾಠವನ್ನು ಫೋನಿಗೆ ಸಾಗಿಸುವಾಗ ಅದನ್ನು ಜಗಲಿಯಲ್ಲಿಯೇ ಬಿಟ್ಟುಬಂದೆವು.

ದೂರಶಿಕ್ಷಣವನ್ನು ಕುರಿತು ಚಿಂತಿಸಿದವರು ಈ ಮಾತನ್ನು ಮೊದಲೇ ಹೇಳಿದ್ದಾರೆ. ಅಮೆರಿಕದ ವಿದ್ವಾಂಸ ಮೈಕೇಲ್ ಮೂರ್ ಅವರ ಪ್ರಕಾರ, ಕಲಿಸುವವರಿಗೂ ಕಲಿಯುವವರಿಗೂ ನಡುವಿನ ನಿಜವಾದ ದೂರವನ್ನು ಮೈಲಿಗಳಲ್ಲಿ ಅಳೆಯಲಾಗದು. ಸಂವಾದ ಕಡಿಮೆಯಾದಷ್ಟೂ ಆ ದೂರ ಹೆಚ್ಚುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಗ್ಯಾರಿಸನ್, ಆ್ಯಂಡರ್ಸನ್ ಮತ್ತು ಆರ್ಚರ್ ಎಂಬ ಮೂವರು 2000ದಲ್ಲಿ ಪ್ರಕಟಿಸಿದ ಚಿಂತನೆಯಂತೆ, ಇಂಥ ತರಗತಿಗೆ ಮೂರು ಬಗೆಯ ಇರವು ಬೇಕು: ವಿಷಯವನ್ನು ಕುರಿತು ಆಲೋಚಿಸುವ ಇರವು, ದಾರಿ ತೋರುವ ಅಧ್ಯಾಪಕರ ಇರವು, ಮತ್ತು ಮನುಷ್ಯರು ಮನುಷ್ಯರಾಗಿ ಒಬ್ಬರಿಗೊಬ್ಬರು ಕಾಣಿಸಿಕೊಳ್ಳುವ ಇರವು. ನಮ್ಮ ನಾಡಿಗೂ ಇದು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಚೆಯಲ್ಲಿ ಪಾಠಗಳು ಬಂದರೂ ವಿದ್ಯಾರ್ಥಿಗಳು ಒಂದೆಡೆ ಸೇರುವ ‘ಸಂಪರ್ಕ ತರಗತಿ’ಗಳನ್ನು ಹಿರಿಯರು ಕೈಬಿಡಲಿಲ್ಲ. ಹೊತ್ತಗೆಯೊಂದೇ ಸಾಲದು, ಸಂಪರ್ಕವೂ ಬೇಕೆಂಬುದು ಆ ಹೆಸರಿನಲ್ಲಿಯೇ ಇದೆ. 2020ರ ಆಗಸ್ಟಿನಲ್ಲಿ ಕರ್ನಾಟಕದ ಶಿಕ್ಷಕರು ‘ವಿದ್ಯಾಗಮ’ದ ಹೆಸರಿನಲ್ಲಿ ಗುಡಿಯಂಗಳಕ್ಕೂ ಮರದಡಿಗೂ ಹೋಗಿ ಮಕ್ಕಳನ್ನು ಕಂಡದ್ದು ಇದೇ ತಿಳಿವಿನಿಂದ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂತೆಂಬುದು ಬೇರೆ ಮಾತು.

ಆ ಹುಡುಗನ ಮಾತು ಕೇಳಿದ ಮೇಲೆ ನಾವು ತರಗತಿಯನ್ನು ತಿದ್ದಿಕೊಂಡೆವು. ಏನೇನು ಮಾಡಿದೆವೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದು ಹಾಜರಿ. ಪಾಠಕ್ಕೆ ಮುನ್ನ ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ಕರೆದು, ಅಂಕಕ್ಕೆ ಸಂಬಂಧವಿಲ್ಲದ ಒಂದು ಪ್ರಶ್ನೆಯನ್ನು ಕೇಳುತ್ತಿದ್ದೆವು. ನಿಮ್ಮ ದಡದಲ್ಲಿ ನೀರು ಎಷ್ಟು ಏರಿದೆ? ರಾತ್ರಿ ಆನೆ ಬಂದಿತ್ತೇ? ಮೆಣಸು ಕೊಯ್ದಾಯಿತೇ? ಹತ್ತು ನಿಮಿಷ ಇದಕ್ಕೇ ಹೋಗುತ್ತಿತ್ತು. ಉಳಿದ ಮೂವತ್ತು ನಿಮಿಷಗಳು ಮೊದಲಿನ ಒಂದು ಗಂಟೆಗಿಂತ ಹೆಚ್ಚು ಫಲ ಕೊಟ್ಟವು.

ಎರಡನೆಯದು ಜೊತೆಗಾರಿಕೆ. ಮಕ್ಕಳನ್ನು ಮೂವರು ನಾಲ್ವರ ತಂಡಗಳಾಗಿಸಿ, ಎರಡೂ ದಡದವರನ್ನು ಬೆರೆಸಿದೆವು. ತಂಡದಲ್ಲಿ ಯಾರಾದರೂ ಬಾರದಿದ್ದರೆ ಅಂದು ಸಂಜೆಯೇ ಉಳಿದವರು ಕರೆ ಮಾಡಿ ವಿಚಾರಿಸಬೇಕು. ಮೇಷ್ಟರ ಕರೆಗೆ ಅಂಜುವ ಮಗು ಗೆಳೆಯನ ಕರೆಗೆ ಮನಸ್ಸು ಬಿಚ್ಚುತ್ತದೆ.

ಮೂರನೆಯದಾಗಿ, ಮುಖ ತೋರಿಸಲೇಬೇಕೆಂಬ ಒತ್ತಾಯವನ್ನು ಬಿಟ್ಟೆವು. ಒಂದೇ ಕೋಣೆಯ ಮನೆಯ ಮಗುವಿಗೆ ಕ್ಯಾಮೆರಾ ಎಂದರೆ ತನ್ನ ಮನೆಯ ಬಡತನವನ್ನು ಹದಿಮೂರು ಮಂದಿಗೆ ತೆರೆದಿಡುವ ಕಿಟಕಿ. ದನಿಯಿದ್ದರೆ ಸಾಕು, ಅಂತರ್ಜಾಲವಿಲ್ಲದಿದ್ದರೆ ಸಾದಾ ಕರೆಯಾದರೂ ಸಾಕು. ಜಗಲಿಯಲ್ಲಿ ಬಾಯಿ ಬಿಡದಿದ್ದ ಇಬ್ಬರು ಹೆಣ್ಣುಮಕ್ಕಳು ಧ್ವನಿಸಂದೇಶದಲ್ಲಿ ಧಾರಾಳವಾಗಿ ಮಾತನಾಡಿದರು. ಯಂತ್ರ ಕೆಲವರಿಗೆ ಗೋಡೆಯಾದರೆ ಕೆಲವರಿಗೆ ಮರೆಯೂ ಆಗುತ್ತದೆ. ಆ ಮರೆಯಲ್ಲಿ ಧೈರ್ಯ ಮೂಡುತ್ತದೆ.

ನಾಲ್ಕನೆಯದು ಮರುನುಡಿ. ಮಗು ಬರೆದು ಕಳುಹಿಸಿದ್ದಕ್ಕೆ ಎರಡು ದಿನಗಳೊಳಗೆ ಉತ್ತರ ಹೋಗಬೇಕು; ತಪ್ಪುಗಳನ್ನು ತಿದ್ದುವುದರ ಜೊತೆಗೆ, ಬರೆದ ವಿಷಯವನ್ನು ಕುರಿತು ಒಂದು ವಾಕ್ಯವಾದರೂ ಇರಬೇಕು. “ನಿಮ್ಮ ಅಜ್ಜಿ ಈಗ ಹೇಗಿದ್ದಾರೆ?” ಎಂಬ ಒಂದು ಸಾಲು, ‘ಒಳ್ಳೆಯದು’ ಎಂಬ ಹತ್ತು ಷರಾಗಳಿಗಿಂತ ಮಿಗಿಲು.

ಕೊನೆಯದು, ಕೂಡಿ ಮಾಡುವ ಕೆಲಸ. ಎರಡು ದಡಗಳ ಮಾತುಗಳನ್ನು ಸಂಗ್ರಹಿಸಿ ಒಂದು ಪದಪಟ್ಟಿ ಕಟ್ಟೋಣವೆಂದೆವು. ಇಲ್ಲಿ ಹೊಳೆ, ಅಲ್ಲಿ ಪುಳ. ಇಲ್ಲಿ ದೋಣಿ, ಅಲ್ಲಿ ತೋಣಿ. ಮಕ್ಕಳು ಮನೆಯ ಹಿರಿಯರನ್ನು ಕೇಳಿ ದಿನಕ್ಕೊಂದು ಮಾತನ್ನು ತಂದರು. ಹಾಡಿಯ ಮಕ್ಕಳು ತಂದ ಮಾತುಗಳು ನಮಗೂ ಹೊಸವು. ಅಲ್ಲಿಯವರೆಗೆ ಕೇಳುವವರಾಗಿದ್ದ ಮಕ್ಕಳು ಅಂದಿನಿಂದ ತರಗತಿಗೆ ಕೊಡುವವರಾದರು. ಕೊಡಲು ಏನಾದರೂ ಇರುವ ಕಡೆಗೆ ಮಗು ತಪ್ಪದೆ ಬರುತ್ತದೆ.

ಆ ಹುಡುಗ ಮರಳಿ ಬಂದನೇ ಎಂದು ತಾವು ಕೇಳಬಹುದು. ಬಂದ, ಆದರೆ ಮೊದಲಿನಂತೆ ಮುಂದೆ ಕೂರುವ ಹುಡುಗನಾಗಿ ಬರಲಿಲ್ಲ. ಹೆಸರು ಕರೆದಾಗ “ಇದೀನಿ” ಎನ್ನುತ್ತಿದ್ದ, ಅಷ್ಟೇ. ಪದಪಟ್ಟಿಗೆ ಮೀನುಗಳ ಹೆಸರು ಹೇಳುವಾಗ ಮಾತ್ರ ಅವನ ಹಳೆಯ ದನಿ ಕೇಳಿಸಿತು. ಒಮ್ಮೆ ಕೈಬಿಟ್ಟ ಮನಸ್ಸನ್ನು ಮತ್ತೆ ಹಿಡಿಯಲು ಆರು ವಾರಗಳಿಗಿಂತ ಬಹಳ ಹೆಚ್ಚು ಕಾಲ ಬೇಕೆಂಬುದನ್ನು ಅವನು ನಮಗೆ ಕಲಿಸಿದ. 2021ರ ನವೆಂಬರ್ 1ರಂದು ಕೇರಳದ ಶಾಲೆಗಳು ಮತ್ತೆ ತೆರೆದವು. ಅದು ಕೇರಳದ ಹುಟ್ಟುಹಬ್ಬ, ಕರ್ನಾಟಕದ ರಾಜ್ಯೋತ್ಸವ. ಎರಡು ನಾಡುಗಳ ಹಬ್ಬದ ಆ ಬೆಳಿಗ್ಗೆ ಚೀಲ ಹೊತ್ತು ಹೊರಟ ಮಕ್ಕಳನ್ನು ನೋಡುತ್ತ, ಅವರಲ್ಲಿ ಎಷ್ಟು ಮಂದಿಯ ಹೆಸರನ್ನು ಒಂದೂವರೆ ವರ್ಷ ಯಾರೂ ಕರೆಯಲಿಲ್ಲವೋ ಎಂದು ನಮ್ಮ ಮನಸ್ಸು ಮರುಗಿತು.

ನೀವು ಆರಂಭಿಸಲಿರುವ ತರಗತಿಯಲ್ಲಿ ಒಳ್ಳೆಯ ಪಾಠಗಳಿರಲಿ, ಚಿತ್ರಗಳಿರಲಿ, ಆಟಗಳೂ ಇರಲಿ. ಆದರೆ ಒಬ್ಬ ಅಧ್ಯಾಪಕರಿಗೆ ಎಷ್ಟು ಮಕ್ಕಳ ಹೆಸರನ್ನು, ಮನೆಯನ್ನು, ದನಿಯನ್ನು ನೆನಪಿಡಲು ಸಾಧ್ಯವೋ ಅಷ್ಟೇ ಮಕ್ಕಳನ್ನು ಅವರ ಪಾಲಿಗೆ ಕೊಡಿ. ಸಾವಿರ ಮಂದಿಗೆ ತಲುಪಿದೆವೆಂಬ ಹೆಮ್ಮೆಗಿಂತ ಇಪ್ಪತ್ತು ಮಂದಿಯನ್ನು ಬಲ್ಲೆವೆಂಬ ನೆಮ್ಮದಿ ದೊಡ್ಡದು. ವರ್ಷಕ್ಕೊಮ್ಮೆಯಾದರೂ ಆ ಮಕ್ಕಳನ್ನು ಈ ಅಂಗಳಕ್ಕೆ ಕರೆಸಿ.

ನಮ್ಮೂರಿನ ಅಂಬಿಗರದೊಂದು ರೂಢಿಯಿದೆ. ದಡ ಬಿಡುವ ಮುನ್ನ ಆಚೆ ದಡವನ್ನೊಮ್ಮೆ ನೋಡುತ್ತಾರೆ. ಅಲ್ಲಿ ಯಾರಾದರೂ ನಿಂತಿದ್ದರೆ ಕೈಯೆತ್ತುತ್ತಾರೆ. ಬರುತ್ತೇನೆ, ನಿನ್ನನ್ನು ಕಂಡಿದ್ದೇನೆ ಎಂದು ಅದರರ್ಥ. ಅಷ್ಟರಿಂದಲೇ ಆಚೆಯವರು ಮಳೆಯಲ್ಲಿಯೂ ಕಾಯುತ್ತಾರೆ. ಈ ಶಾಲೆಯಲ್ಲಿ ನೂರು ವರ್ಷಗಳಿಂದ ಪ್ರತಿ ಬೆಳಿಗ್ಗೆಯೂ ಹಾಜರಿ ಕರೆದಿದ್ದಾರೆ, ಮಕ್ಕಳು ಓಗೊಟ್ಟಿದ್ದಾರೆ. ಹೊಸ ತರಗತಿಗೂ ಆ ಹಾಜರಿ ಪುಸ್ತಕವೇ ಮೊದಲ ಪಠ್ಯವಾಗಲಿ.