ಕಲಿಸಿದ್ದೆಷ್ಟು, ಕಲಿತದ್ದೆಷ್ಟು?

(ಗ್ರಾಮೀಣ ದಂಪತಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ಆರೋಗ್ಯ ಇಲಾಖೆಯವರು ಊರಿಗೆ ಬಂದರೆಂದರೆ ಒಂದು ಭಾಷಣ, ಕೆಲವು ಚಿತ್ರಪಟಗಳು, ಕೊನೆಗೆ ಕೈಗೊಂದು ಕರಪತ್ರ. ಇದು ನಿಮಗೆ ರೂಢಿಯಾಗಿ ಹೋಗಿದೆ. ಸಭೆ ಮುಗಿದ ಮೇಲೆ ಇಂತಿಷ್ಟು ಮಂದಿ ತಾಯಂದಿರಿಗೆ ತಿಳಿವಳಿಕೆ ನೀಡಲಾಯಿತೆಂದು ವಹಿಯಲ್ಲಿ ಬರೆದುಕೊಳ್ಳುವುದೂ ಉಂಟು. ಅವರಲ್ಲಿ ಎಷ್ಟು ಮಂದಿಗೆ ತಿಂಗಳು ಕಳೆದ ಮೇಲೂ ಆ ಮಾತು ನೆನಪಿನಲ್ಲಿ ಉಳಿದಿತ್ತು ಎಂಬುದಕ್ಕೆ ಮಾತ್ರ ಸಾಮಾನ್ಯವಾಗಿ ಯಾವ ಲೆಕ್ಕವೂ ಇರುವುದಿಲ್ಲ. ಆ ಲೆಕ್ಕವನ್ನೇ ಇಡಲು ಹೊರಟ ಒಂದು ಕಾರ್ಯಕ್ರಮದ ವಿಚಾರವನ್ನು ಇಂದು ಹೇಳಬಯಸುತ್ತೇನೆ. ಅದು ನಡೆದುದು ನೆರೆಯ ಬಾಂಗ್ಲಾದೇಶದಲ್ಲಿ. ವಿಷಯವಾದರೋ ನಮ್ಮ ನಿಮ್ಮ ಮನೆಯದೇ, ಎಳೆಯ ಮಕ್ಕಳ ಭೇದಿ.

ಭೇದಿಯಾದ ಮಗು ಪ್ರಾಣ ಬಿಡುವುದು ಬಹುಮಟ್ಟಿಗೆ ಮೈಯ ನೀರು ಮತ್ತು ಲವಣ ಸೋರಿ ಹೋಗುವುದರಿಂದ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದು ಕಷ್ಟ. ಮೆಕ್ಸಿಕೋ ದೇಶದ ಬೆಟ್ಟಗಾಡಿನ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರ ತರಬೇತಿಗಾಗಿ ಒಂದು ಸುಲಭೋಪಾಯವನ್ನು ಬಳಸುತ್ತಿದ್ದರು. ಒಣಗಿದ ಸೋರೆಬುರುಡೆಯ ಮೇಲೆ ಮಗುವಿನ ಮುಖವನ್ನು ಬರೆದು, ನೆತ್ತಿಯ ಭಾಗವನ್ನು ಕತ್ತರಿಸಿ ತೆಗೆದು, ತುಂಬ ನೀರು ಹೊಯ್ದು, ಮೇಲೆ ತೆಳುವಾದ ಒದ್ದೆ ಬಟ್ಟೆಯನ್ನು ಹರಡುವುದು. ಬುರುಡೆಯ ಕೆಳಗೆ ಒಂದು ತೂತು, ಅದಕ್ಕೊಂದು ಬಿರಡೆ. ಬಿರಡೆಯನ್ನು ಕಿತ್ತೊಡನೆ 'ಮಗುವಿಗೆ' ಭೇದಿಯಾಗುತ್ತದೆ. ನೀರಿಳಿದಂತೆ ನೆತ್ತಿಯ ಬಟ್ಟೆ ಒಳಕ್ಕೆ ಕುಸಿಯುತ್ತದೆ. ಭೇದಿಯಾದ ಕೂಸಿನ ನೆತ್ತಿಯ ಮೆತ್ತನೆಯ ಭಾಗ ಏಕೆ ತಗ್ಗುತ್ತದೆಂದು ಆಮೇಲೆ ಯಾರೂ ವಿವರಿಸಬೇಕಾಗಿಲ್ಲ. ತೂತು ತೆರೆದಿರುವಾಗಲೇ ಮೇಲಿನಿಂದ ನೀರು ಹೊಯ್ಯುತ್ತಿದ್ದರೆ ಬಟ್ಟೆ ಕುಸಿಯದೆ ನಿಲ್ಲುತ್ತದೆ. ಭೇದಿ ನಿಲ್ಲುವವರೆಗೆ ಕಾಯದೆ, ಆಗುತ್ತಿರುವಾಗಲೇ ಕುಡಿಸುತ್ತಿರಬೇಕೆಂಬುದು ಇದರಿಂದ ತಾನಾಗಿ ತಿಳಿಯುತ್ತದೆ. ನಮ್ಮಲ್ಲಿ ಸೋರೆಬುರುಡೆಗೆ ಬರವಿಲ್ಲ; ಶಾಲೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು.

ಹೀಗೆ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣದ ಶಕ್ತಿ 1971ರಲ್ಲಿಯೇ ಎದ್ದು ಕಂಡಿತ್ತು. ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ, ರಕ್ತನಾಳದ ಮೂಲಕ ಏರಿಸುವ ಔಷಧಿ ಸಾಲದಾಯಿತು. ಆಗ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಈ ದ್ರಾವಣವನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಹಾಗಾದರೆ ಮನೆಮನೆಯ ತಾಯಿಗೂ ಇದನ್ನು ಕಲಿಸಬಹುದಲ್ಲವೆ? ಕಲಿಸುವುದು ಹೇಗೆ?

ಫಜ್ಲೆ ಹಸನ್ ಅಬೇದ್ ಅವರು 1972ರಲ್ಲಿ ಸ್ಥಾಪಿಸಿದ ಬ್ರ್ಯಾಕ್ ಸಂಸ್ಥೆಯು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ತಂಡತಂಡವಾಗಿ ಹಳ್ಳಿಗಳಿಗೆ ಹೋಗಿ ಸುಮಾರು 1 ಕೋಟಿ 20 ಲಕ್ಷ ಮನೆಗಳಲ್ಲಿ ಪಾಠ ಹೇಳಿದರು. ಪೊಟ್ಟಣ ದೊರೆಯದ ಆ ಕಾಲದಲ್ಲಿ ಅವರು ಹೇಳಿಕೊಟ್ಟ ಅಳತೆ ಮನೆಯ ಅಡಿಗೆಕೋಣೆಯದೇ: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಆರಂಭದಲ್ಲಿ ಒಬ್ಬ ಕಾರ್ಯಕರ್ತೆ ದಿನಕ್ಕೆ ಇಪ್ಪತ್ತು ತಾಯಂದಿರಿಗೆ ಕಲಿಸುತ್ತಿದ್ದಳು. ಕೆಲವು ವಾರಗಳ ನಂತರ ಬೇರೆಯವರು ಹೋಗಿ ವಿಚಾರಿಸಿದಾಗ ಪಾಠ ಸರಿಯಾಗಿ ಹಿಡಿದಿರಲಿಲ್ಲ. ಇಪ್ಪತ್ತು ಹತ್ತಕ್ಕಿಳಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ, ಕಾರ್ಯಕರ್ತೆಯ ಸಂಬಳವನ್ನೇ ಬದಲಿಸಿದರು. ಎಷ್ಟು ಮನೆ ಸುತ್ತಿದಳೆಂದು ನೋಡದೆ, ಪರಿಶೀಲಕರು ಬಂದು ಕೇಳಿದಾಗ ತಾಯಂದಿರಲ್ಲಿ ಎಷ್ಟು ಪಾಠ ಉಳಿದಿದೆಯೆಂದು ನೋಡಿ ಸಂಬಳ ಕೊಡತೊಡಗಿದರು.

ಈ ಮಾತು ನಮ್ಮಂಥ ಭಾಷಣಕಾರರಿಗೆ ಸ್ವಲ್ಪ ಇರುಸುಮುರುಸಾಗುವಂಥದೇ. ಇಂದಿನ ನನ್ನ ಭಾಷಣಕ್ಕೆ ಆ ನಿಯಮವನ್ನು ಹಚ್ಚಿದರೆ ಏನು ದಕ್ಕೀತೋ ಕಾಣೆ! ಅಲ್ಲಿಯಾದರೋ ಕಾರ್ಯಕರ್ತೆಯರು ದಾರಿಯನ್ನು ತಾವೇ ಹುಡುಕಿಕೊಂಡರು. ತಾವು ಕಲಸಿ ತೋರಿಸುವುದನ್ನು ಬಿಟ್ಟು, ತಾಯಿಯ ಕೈಯಿಂದಲೇ ಕಲಸಿಸಿದರು. ಹಳ್ಳಿಗೆ ಕಾಲಿಟ್ಟೊಡನೆ ಭೇದಿಯಾದ ಮಗು ಎಲ್ಲಿದೆಯೆಂದು ವಿಚಾರಿಸಿ, ಮೊದಲು ಅದಕ್ಕೆ ಕುಡಿಸಿ, ನೆರೆಹೊರೆಯವರ ಕಣ್ಣೆದುರಿಗೇ ಗುಣ ತೋರಿಸತೊಡಗಿದರು.

ಇಷ್ಟಾದರೂ ಒಂದು ತೊಡಕು ಉಳಿಯಿತು. ತಾಯಂದಿರು ಪಾಠವನ್ನು ಒಪ್ಪಿಸುತ್ತಿದ್ದರು; ಮಗುವಿಗೆ ಭೇದಿಯಾದಾಗ ಕುಡಿಸುತ್ತಿದ್ದವರು ಮಾತ್ರ ಬಹಳ ಕಡಿಮೆ. ಕಾರಣ ಹುಡುಕಿದಾಗ ಎರಡು ಸಂಗತಿಗಳು ಹೊರಬಿದ್ದವು. ಕಲಿಸುವ ಕಾರ್ಯಕರ್ತೆಯರಲ್ಲಿಯೇ ಅನೇಕರಿಗೆ ಉಪ್ಪು ಬೆಲ್ಲದ ನೀರಿನಲ್ಲಿ ಪೂರ್ಣ ನಂಬಿಕೆಯಿರಲಿಲ್ಲ. ತನಗೆ ನಂಬಿಕೆಯಿಲ್ಲದ್ದನ್ನು ಇನ್ನೊಬ್ಬರ ಮಗುವಿಗೆ ಕುಡಿಸೆಂದರೆ ಆ ಮಾತಿನಲ್ಲಿ ಬಲವೆಲ್ಲಿಂದ ಬಂದೀತು? ಆದುದರಿಂದ ತರಬೇತಿಯನ್ನು ತಿದ್ದಿ, ಈ ನೀರು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ಅವರಿಗೇ ಮನಗಾಣಿಸಿದರು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಯಜಮಾನರೇ, ಇದನ್ನು ನೀವು ಗಮನವಿಟ್ಟು ಕೇಳಬೇಕು. ಪಾಠವೆಲ್ಲ ತಾಯಂದಿರಿಗೆ ಮಾತ್ರ ನಡೆದಿತ್ತು. ಗಂಡಸರನ್ನು ಯಾರೂ ಕೇಳಿರಲಿಲ್ಲ. ಹೊಲದಿಂದ ಬಂದ ಗಂಡನಿಗೆ ಹೆಂಡತಿ ಚಿಟಿಕೆ ಉಪ್ಪು ಹಾಕಿ ನೀರು ಕುಡಿಸುವುದು ಕಂಡರೆ, 'ಇದೂ ಒಂದು ಔಷಧಿಯೆ?' ಎಂದು ಅನ್ನಿಸುವುದು ಸಹಜ. ಆ ಒಂದು ಮಾತಿಗೆ ತಾಯಿಯ ಕೈ ಹಿಂದಾಗುತ್ತದೆ. ಇದನ್ನು ಅರಿತ ಬ್ರ್ಯಾಕ್‌ನವರು ಮಸೀದಿಗಳಲ್ಲಿ, ಸಂತೆಗಳಲ್ಲಿ, ಶಾಲೆಗಳಲ್ಲಿ ಗಂಡಸರನ್ನು ಕೂಡಿಸಿ ಬೇರೆಯಾಗಿಯೇ ವಿಷಯ ತಿಳಿಸಿದರು. ಆಮೇಲೆ ಬಳಕೆ ಏರುತ್ತ ಬಂದಿತು. ಭೇದಿಯಾದ ಮಕ್ಕಳಿಗೆ ಈ ದ್ರಾವಣವನ್ನು ಅತಿ ಹೆಚ್ಚಾಗಿ ಕುಡಿಸುವ ದೇಶಗಳ ಸಾಲಿನಲ್ಲಿ ಇಂದು ಬಾಂಗ್ಲಾದೇಶವಿದೆ. ಈ ಶಿಬಿರಕ್ಕೆ ತಾಯಂದಿರನ್ನಷ್ಟೇ ಕರೆಯದೆ ದಂಪತಿಗಳನ್ನು ಒಟ್ಟಿಗೆ ಕರೆದಿರುವುದೂ ಇದೇ ಕಾರಣದಿಂದ. ಹುಟ್ಟಿದ ಮಗು ಬದುಕಿ ಉಳಿಯುತ್ತದೆಂಬ ಧೈರ್ಯ ಇಬ್ಬರಿಗೂ ಇದ್ದಾಗಲೇ 'ಎರಡು ಸಾಕು' ಎಂಬ ಮಾತು ಮನೆಯಲ್ಲಿ ನಿಲ್ಲುತ್ತದೆ.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಚಿಟಿಕೆ ಮತ್ತು ಹಿಡಿಯ ಅಳತೆ ಕೈಯಿಂದ ಕೈಗೆ ಬೇರೆಯಾಗುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಇಂದು ಆಶಾ ಕಾರ್ಯಕರ್ತೆಯ ಬಳಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓ.ಆರ್.ಎಸ್. ಪೊಟ್ಟಣ ಉಚಿತವಾಗಿ ದೊರೆಯುತ್ತದೆ, ಅದನ್ನೇ ಬಳಸಿರಿ. ದೊಡ್ಡ ಪೊಟ್ಟಣವಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಇಡೀ ಪೊಟ್ಟಣವನ್ನು ಒಂದೇ ಸಲ ಹಾಕಬೇಕು. ಅರ್ಧ ಪುಡಿಯನ್ನು ನಾಳೆಗೆಂದು ಎತ್ತಿಡುವುದು, ಲೋಟಕ್ಕೆ ಒಂದೊಂದು ಚಮಚ ಹಾಕುವುದು, ಇವೆರಡೂ ಕೂಡದು. ಮನೆಯ ಒಂದು ಪಾತ್ರೆಯಲ್ಲಿ ಒಂದು ಲೀಟರಿನ ಮಟ್ಟಕ್ಕೆ ಈಗಲೇ ಗುರುತು ಮಾಡಿಟ್ಟುಕೊಳ್ಳಿರಿ. ಕಲಸಿದ ನೀರನ್ನು 24 ಗಂಟೆಗಳೊಳಗೆ ಮುಗಿಸಿ, ಉಳಿದುದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಕಾಲು ಲೋಟದಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಗುವಿಗೆ ಅರ್ಧದಿಂದ ಒಂದು ಲೋಟ, ಚಮಚದಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕುಡಿಸಬೇಕು. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬಾರದು. ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಪೂರ್ತಿಯಾಗಿ ಕೊಡಿರಿ. ಮಗು ಮಂಕಾಗಿ ಮಲಗಿದರೆ, ಕುಡಿಯಲಾರದೆ ಹೋದರೆ, ಕಣ್ಣು ಗುಳಿಬಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿರಿ. ದಾರಿಯುದ್ದಕ್ಕೂ ಕುಡಿಸುತ್ತಲೇ ಆಸ್ಪತ್ರೆಗೆ ಕರೆತನ್ನಿ.

ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬಂದು ಪೊಟ್ಟಣವನ್ನು ಕೊಟ್ಟು ಹೊರಟರೆ, 'ಅಮ್ಮಾ, ನಮ್ಮ ಕೈಯಿಂದ ಒಂದು ಸಲ ಕಲಸಿಸಿ ನೋಡಿ ಹೋಗು' ಎಂದು ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು. ತಿಂಗಳ ಮೇಲೆ ಯಾರಾದರೂ ಬಂದು ಈ ಪಾಠವನ್ನು ಕೇಳಿದರೆ ನಿಮ್ಮನ್ನು ಪರೀಕ್ಷಿಸುತ್ತಿದ್ದಾರೆಂದು ಸಂಕೋಚಪಡಬೇಕಾಗಿಲ್ಲ. ಅಲ್ಲಿ ಪರೀಕ್ಷೆಗೆ ನಿಂತಿರುವವರು ಕಲಿಸಿದ ನಾವು.

ಇಗೋ, ಮೇಜಿನ ಮೇಲೆ ಕುದಿಸಿ ಆರಿಸಿದ ನೀರು, ಗುರುತು ಮಾಡಿದ ಪಾತ್ರೆ, ಪೊಟ್ಟಣ, ಚಮಚ ಎಲ್ಲವನ್ನೂ ಇರಿಸಿದೆ. ಕೈ ತೊಳೆಯಲು ಸಾಬೂನು ಅಲ್ಲಿ ಬಾಗಿಲ ಬಳಿ ಇದೆ. ದಂಪತಿಗಳು ಒಬ್ಬೊಬ್ಬರಾಗಿ ಬರಬೇಕು. ಮೊದಲು ಯಜಮಾನರು ಕಲಸಲಿ, ತಾಯಂದಿರು ನೋಡಿ ತಪ್ಪಿದ್ದರೆ ಹೇಳಲಿ.