ಗ್ರಾಹಕರು ಕೇಳುವುದನ್ನೇ ವೆಬ್‌ಸೈಟಿನಲ್ಲಿ ಬರೆಯೋಣ

(ಅಡುಗೆ ಘಟಕ ನಡೆಸುವ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣ)



ಊಟದ ಆರ್ಡರ್ ತೆಗೆದುಕೊಳ್ಳುವ ನಮ್ಮ ಸಂಘಗಳೂ ಈಗ ವೆಬ್‌ಸೈಟ್ ಮಾಡಿಸಲು ಹೊರಟಿವೆ. ಸಂತೋಷ. ಆದರೆ ತೆರೆದ ಕೂಡಲೇ ಏನು ಕಾಣ್ತದೆ? ಸಂಘ ಹುಟ್ಟಿದ ವರ್ಷ, ಸದಸ್ಯೆಯರ ಸಂಖ್ಯೆ, ಉಳಿತಾಯದ ಮೊತ್ತ, ಉದ್ಘಾಟನೆಯ ದಿನ ದೀಪ ಬೆಳಗಿಸಿದ ಫೋಟೋ. ಇದೆಲ್ಲ ಸಾಲ ಕೊಡುವ ಬ್ಯಾಂಕಿನವರಿಗೆ ಬೇಕು. ಬರುವ ಭಾನುವಾರ ಮಗುವಿನ ಹುಟ್ಟುಹಬ್ಬ ಇಟ್ಟುಕೊಂಡ ತಾಯಿಗೆ ಇದರಿಂದ ಎಂತ ಪ್ರಯೋಜನ?

ಅವಳಿಗೆ ಏನು ಬೇಕು ಅಂತ ನಾವು ಊಹಿಸುವುದು ಬೇಡ. ಫೋನಿನ ಹತ್ತಿರ ಒಂದು ನೋಟ್‌ಬುಕ್ ಇಡಿ. ವಿಚಾರಿಸಿದವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. “30 ಜನಕ್ಕೆ ಮಾಡಿ ಕೊಡ್ತೀರಾ?” “ಮನೆಗೆ ತಂದು ಕೊಡ್ತೀರಾ, ನಾವೇ ಬರಬೇಕಾ?” “ಬಡಿಸಲಿಕ್ಕೆ ಜನ ಸಿಗ್ತಾರಾ?” “ಪಾತ್ರೆ ಯಾವಾಗ ವಾಪಸ್ ಕೊಡಬೇಕು?” ಎರಡು ಮೂರು ವಾರದಲ್ಲಿ ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬರುವುದು ಕಾಣ್ತದೆ. ಆ ಪ್ರಶ್ನೆಗಳು, ಅವುಗಳ ಉತ್ತರ – ನಿಮ್ಮ ವೆಬ್‌ಸೈಟಿಗೆ ಬೇಕಾದ ಬರಹ ಅಷ್ಟೇ. ಸಂಘದ ಕಥೆ ಕೊನೆಗೆ ನಾಲ್ಕು ಸಾಲು ಇರಲಿ.

“ಶುಚಿ ರುಚಿಯಾದ ಊಟ” ಅಂತ ಎಲ್ಲರೂ ಬರೀತಾರೆ. ಯಾರೂ ಅದನ್ನು ನಂಬಿ ಫೋನ್ ಮಾಡುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: “ನೀರುದೋಸೆಗೆ ಅಕ್ಕಿ ಹಿಂದಿನ ರಾತ್ರಿ ನೆನೆಸುತ್ತೇವೆ, ಕಾಯಿ ಅದೇ ದಿನ ತುರಿಯುತ್ತೇವೆ. ನಿಮಗೆ ಬೇಕಾದರೆ ಹಿಂದಿನ ದಿನ ಮಧ್ಯಾಹ್ನದೊಳಗೆ ತಿಳಿಸಿ.” ಶುಚಿಯೂ ರುಚಿಯೂ ಅದರಲ್ಲೇ ಬಂತು. ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆಯನ್ನು 2022ರ ಜನವರಿಯಿಂದ ಬಿಲ್ಲಿನಲ್ಲಿ ಹಾಕುವುದು ಕಡ್ಡಾಯ, ವೆಬ್‌ಸೈಟಿನಲ್ಲೂ ಹಾಕಿ. ದರ ಬರೆಯಲು ಹೆದರಬೇಡಿ. ದರ ಕಾಣದಿದ್ದರೆ “ಜಾಸ್ತಿಯೇ ಇರಬೇಕು” ಅಂತ ಜನ ಮುಂದೆ ಹೋಗ್ತಾರೆ.

ಕೆಲವು ಪ್ರಶ್ನೆಗೆ ಉತ್ತರ ಬರೆಯಲು ಮನಸ್ಸು ಹಿಂಜರಿಯುತ್ತದೆ. “ಸಸ್ಯಾಹಾರಕ್ಕೆ ಬೇರೆ ಪಾತ್ರೆ ಉಂಟಾ?” ಕೋಳಿ ಸಾರಿಗೂ ಪಲ್ಯಕ್ಕೂ ಅದೇ ಪಾತ್ರೆ ತೊಳೆದು ಬಳಸುವುದಾದರೆ ಹಾಗೆಯೇ ಬರೆಯಿರಿ. ಒಂದೆರಡು ಆರ್ಡರ್ ತಪ್ಪಬಹುದು, ತಪ್ಪಲಿ. ಬಚ್ಚಿಟ್ಟು, ಗೃಹಪ್ರವೇಶದ ದಿನ ಆ ಮನೆಯವರಿಗೆ ಗೊತ್ತಾದರೆ ಊರಿನ ಆರ್ಡರೆಲ್ಲ ಹೋಗ್ತದೆ. ಪಾತ್ರೆ ತರಲು ಮಾಡಿದ ಸಾಲದ ಕಂತು ಮಾತ್ರ ಉಳೀತದೆ. ಹಾಗೆಯೇ 100 ಜನರ ಅಡುಗೆಗೆ ಕೈ ಸಾಲದಿದ್ದರೆ “60 ಜನರವರೆಗೆ” ಎಂದೇ ಬರೆಯಿರಿ.

ಫೋನ್ ನಂಬರ್ ಎಲ್ಲಕ್ಕಿಂತ ಮೇಲೆ ಇರಲಿ, ಮುಟ್ಟಿದರೆ ಕರೆ ಹೋಗುವಂತೆ ಮಾಡಿಸಿ. ಗೂಗಲ್ ಮ್ಯಾಪಿನಲ್ಲಿ ಘಟಕದ ಹೆಸರು ಸೇರಿಸಲು ಹಣ ಕೊಡಬೇಕಾಗಿಲ್ಲ. ಎರಡೂ ಕಡೆ ಹೆಸರು, ನಂಬರ್, ಸಮಯ ಒಂದೇ ಇರಬೇಕು.

ಬರೆದಾದ ಮೇಲೆ ಸಂಘದವರಲ್ಲದ ಒಬ್ಬ ಅಕ್ಕನಿಗೆ ಮೊಬೈಲಿನಲ್ಲಿ ತೋರಿಸಿ. “ನಿಮ್ಮ ಮನೆಯ ಸೀಮಂತಕ್ಕೆ ಊಟ ಬೇಕು ಅಂತ ಇಟ್ಟುಕೊಳ್ಳಿ, ಇನ್ನು ಏನಾದರೂ ಕೇಳಲಿಕ್ಕುಂಟಾ?” ಎನ್ನಿ. ಅವರು ಕೇಳಿದ್ದನ್ನು ನೋಟ್‌ಬುಕ್ಕಿಗೆ ಸೇರಿಸಿ, ಮುಂದಿನ ಸಭೆಗೆ ಬರುವಾಗ ಅದನ್ನು ತನ್ನಿ.